ಇಳಿಜಾರಿನ ಮೇಲೆ ಹರವಿದ ಮೆಣಸಿನಕಾಯಿ

ಸಹನಾ, ನಿನ್ನ ಹಾಸ್ಟೆಲಿನ ಮುಂದೆ ನಾನು ಮಾಡಿದ್ದಕ್ಕೆ ನೀನು ಇನ್ನೂ ಮುನಿಸಿಕೊಂಡಿದ್ದೀಯಂತೆ. ನಿನ್ನ ತಮ್ಮ ಪ್ರಜ್ವಲ ಹೇಳಿದ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಎದುರಿಗೆ ಕುಳಿತರೂ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಮೇಡ್ಲೇರಿಯ ಸಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತವಳು ನಾನು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದು ನಿನಗೆ, ದೊಡ್ಡವನಾದ ಮೇಲೆ ನಿನ್ನ ತಮ್ಮನಿಗೂ.

ಅವತ್ತು ನಾವೆಲ್ಲ ರಾಣೆಬೆನ್ನೂರಿನಿಂದ ಹಾವೇರಿಗೆ ನಿನ್ನನ್ನು ಬಿಡಲು ಬಂದಿದ್ದೆವು. ನಿಮ್ಮಪ್ಪ ಟ್ರಂಕು ಇಳಿಸುತ್ತಿದ್ದ. ಹಾಸ್ಟೆಲಿನ ಬಾಗಿಲಿಗೆ ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ಮೆಟ್ಟಿಲಿಲ್ಲದ ಸಿಮೆಂಟಿನ ಇಳಿಜಾರು, ಅದರ ಪಕ್ಕಕ್ಕೆ ಸ್ಟೀಲಿನ ಕಂಬಿ. ಗಾಲಿಕುರ್ಚಿಯವರಿಗೆ, ಕಾಲಿಲ್ಲದವರಿಗೆ ಅಂತ ಈಗ ಹೊಸ ಕಟ್ಟಡಗಳಿಗೆ ಕಟ್ಟುತ್ತಾರಲ್ಲ, ಅದು. ಆ ಇಳಿಜಾರಿನ ಉದ್ದಕ್ಕೂ ಅಡುಗೆಯಾಕೆ ಹಳೆಯ ಸೀರೆ ಹಾಸಿ ಮೆಣಸಿನಕಾಯಿ ಹರವಿದ್ದಳು. ಮಧ್ಯಾಹ್ನದ ಬಿಸಿಲಿಗೆ ಕಾಯಿ ಕಾದು ವಾಸನೆ ಗೇಟಿನವರೆಗೂ ಬಂದಿತ್ತು. ಆಮೇಲೆ ನನಗೆ ಏನಾಯಿತೋ. ಹೋಗಿ ಮೊಣಕಾಲೂರಿ, ಸೀರೆಯ ನಾಲ್ಕೂ ಚುಂಗು ಎತ್ತಿ ಗಂಟು ಕಟ್ಟಿ ಅಂಗಳಕ್ಕೆ ಎಳೆದುಬಿಟ್ಟೆ.

ಅಡುಗೆಯಾಕೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿಬಂದಳು. “ಯಾಕಬೇ ಯಮ್ಮಾ, ನಿನ್ನ ತವರಮನಿ ಕಾಯೇನ ಅವು? ಬಿಡು ಕೈ!”

“ಇಲ್ಲಿ ಹರವಬ್ಯಾಡ್ರಿ, ಇಲ್ಲಿ ಹರವಬ್ಯಾಡ್ರಿ,” ಅನ್ನುವುದೊಂದೇ ನನ್ನ ಬಾಯಿಯಿಂದ ಬಂತು. ಮೇಲಿನ ಕಿಟಕಿಗಳಲ್ಲಿ ಹುಡುಗಿಯರು ನಗುತ್ತಿದ್ದರು. ನೀನು ಕೆಂಪಗಾಗಿ ನನ್ನ ರಟ್ಟೆ ಹಿಡಿದು ಎಬ್ಬಿಸಿದೆ. “ಅಜ್ಜೀ, ಏಳು! ಎಲ್ಲಾರೂ ನೋಡಾಕತ್ತಾರ. ಮೊದಲನೇ ದಿನಾನ ನನ್ನ ಮಾನ ಕಳದಿ ನೋಡು.”

ನೀನು ಹೇಳಿದ್ದು ತಪ್ಪಲ್ಲ. ಹುಟ್ಟಿದಂದಿನಿಂದ ನಾಲ್ಕು ಮಂದಿಯ ಮುಂದೆ ಸೆರಗು ಸರಿಸಿ ಮಾತಾಡದ ಅಜ್ಜಿ ಹಾಗೆ ಮಾಡಿದರೆ ಯಾರಿಗಾದರೂ ಅವಮಾನವೇ.

ನಮ್ಮ ಮನೆಯಲ್ಲಿ ದೇವರ ಗೂಡಿನ ಪಕ್ಕ ಒಂದು ಫೋಟೊ ಇದೆ. ನಿಮ್ಮಪ್ಪನ ತಂಗಿ, ನಿಮ್ಮ ಅತ್ತೆ ನೀಲಾ. ಅವಳು ಬ್ಯಾಡಗಿಯಲ್ಲಿ ಹೊಗೆಗೆ ಸಿಕ್ಕು ಹೋದಳು ಎಂದಷ್ಟೇ ನಿಮಗೆ ಹೇಳಿದ್ದೇವೆ. ಅದಕ್ಕಿಂತ ಹೆಚ್ಚು ಹೇಳಲು ನಿಮ್ಮಪ್ಪ ಬಿಡುವುದಿಲ್ಲ, ಎದ್ದು ಹೊರಗೆ ಹೋಗಿಬಿಡುತ್ತಾನೆ. ಆದರೆ ಅವಳು ಹೊರಗೆ ಬರುವುದಕ್ಕೆ ಒಂದು ದಾರಿ ಇತ್ತು. ಅವಳಿಗೆಂದೇ ಇದ್ದ ದಾರಿ. ಅದರ ಮೇಲೂ ಮೆಣಸಿನಕಾಯಿ ಹರವಿದ್ದರು.

ನಿಮ್ಮ ಅಜ್ಜ ತೀರಿಕೊಂಡು ವರ್ಷ ಕಳೆದಿತ್ತು. ಕುಪ್ಪೇಲೂರಿನ ಮನೆಯ ಬಾಗಿಲು ಹಾಕಿ ನಾನೂ ನೀಲಾನೂ ಬ್ಯಾಡಗಿಗೆ ಬಂದು ಒಂದು ಹಂಚಿನ ಕೋಣೆ ಹಿಡಿದಿದ್ದೆವು. ನಿಮ್ಮಪ್ಪ, ಅವ್ವ ಆಗ ಹುಬ್ಬಳ್ಳಿಯಲ್ಲಿದ್ದರು. ಸಹನಾ, ನೀನು ಅಂಗನವಾಡಿಗೆ ಹೋಗುತ್ತಿದ್ದೆ. ಬ್ಯಾಡಗಿಯಲ್ಲಿ ಸಂಕ್ರಾಂತಿ ಹತ್ತಿರ ಬಂತೆಂದರೆ ಹೆಂಗಸರಿಗೆ ಕೆಲಸಕ್ಕೆ ಕಡಿಮೆಯಿಲ್ಲ. ಊರಿಗೆ ಊರೇ ಕೆಂಪಾಗುತ್ತದೆ. ರಸ್ತೆಯ ಧೂಳು ಕೆಂಪು, ಎತ್ತಿನ ಕೊಂಬು ಕೆಂಪು, ಬಸ್ಸಿನಿಂದ ಇಳಿದವರು ಮೊದಲು ಸೀನಿ ಆಮೇಲೆ ದಾರಿ ಕೇಳುತ್ತಾರೆ. ಮುಂಜಾನೆ ಮಂಜಿನಲ್ಲಿ ಕೈ ಸೆಟೆದುಕೊಳ್ಳುವಷ್ಟು ಥಂಡಿ, ಹೊತ್ತು ಏರಿದಂತೆ ಕಾಯಿ ಕಾದು ಗಾಳಿಯೇ ಖಾರ.

ನಮ್ಮದು ತುಂಬು ಬಿಡಿಸುವ ಕೆಲಸ. ಒಣ ಮೆಣಸಿನಕಾಯಿಯ ತೊಟ್ಟಿಗೆ ಅಲ್ಲಿ ತುಂಬು ಎನ್ನುತ್ತಾರೆ. ರಾಶಿಯ ಮುಂದೆ ಸಾಲಾಗಿ ಕುಳಿತು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ತಲೆ ತಗ್ಗಿಸಿ ಒಂದೊಂದೇ ಕಾಯಿ ಹಿಡಿದು ತುಂಬು ಮುರಿಯುವುದು. ಮನೆಗೆ ಬಂದು ಮಜ್ಜಿಗೆಯಲ್ಲಿ ಕೈ ಅದ್ದಿ ಕುಳಿತರೂ ಉರಿ ಇಳಿಯುತ್ತಿರಲಿಲ್ಲ.

ನೀಲಾಗೆ ಕಿವಿ ಕೇಳುತ್ತಿರಲಿಲ್ಲ. ಕೂಸಿದ್ದಾಗ ಬಂದ ಜ್ವರ ಕಿವಿಯನ್ನೂ ಅದರೊಂದಿಗೆ ಮಾತನ್ನೂ ಒಯ್ದಿತ್ತು. ಎದುರಿಗಿದ್ದವರ ತುಟಿ ನೋಡಿ ಅಷ್ಟಿಷ್ಟು ತಿಳಿಯುತ್ತಿದ್ದಳು. ಕೆಲಸದಲ್ಲಿ ಎಲ್ಲರ ಬಾಯಿಗೂ ಬಟ್ಟೆ ಇರುತ್ತಿದ್ದುದರಿಂದ ಅದೂ ಇಲ್ಲ. ಹಾಗಾಗಿ ನಮ್ಮ ಸಾಲಿನ ಹೆಂಗಸರು ಒಂದು ರೂಢಿ ಮಾಡಿಕೊಂಡಿದ್ದರು. ನೀಲಾಗೆ ಏನಾದರೂ ಹೇಳಬೇಕಾದರೆ ಅವಳ ಮಡಿಲಿಗೆ ಒಂದು ಮೆಣಸಿನಕಾಯಿ ಎಸೆಯುವುದು. ಅವಳು ತಲೆ ಎತ್ತುವಳು. ಆಗ ಕೈಸನ್ನೆ ಮಾಡಿ ಊಟ, ನೀರು, ಮುಕಾದಮ ಬಂದ ಅಂತ ತಿಳಿಸುವುದು. ಸುಮ್ಮಸುಮ್ಮನೆ ಎಸೆದರೆ ಅದೇ ಕಾಯಿ ತಿರುಗಿ ಎಸೆದವರ ಮೂಗಿಗೇ ಬರುತ್ತಿತ್ತು. ಅವಳ ಗುರಿ ತಪ್ಪುತ್ತಿರಲಿಲ್ಲ.

“ನಿನ್ನ ಮಗಳ ಕಿವಿ ದೇವರು ಕಸಗೊಂಡಾನ ಖರೇ, ಆದ್ರ ಕೈಗೆ ಬಂದೂಕ ಕೊಟ್ಟಾನಬೇ,” ಎಂದು ಪಕ್ಕದಲ್ಲಿ ಕೂರುತ್ತಿದ್ದ ರೇಣವ್ವ ಮೂಗು ಒರೆಸಿಕೊಳ್ಳುವಳು. ರೇಣವ್ವನ ನಾಲಿಗೆ ನಾವು ಬಿಡಿಸುವ ಕಾಯಿಗಿಂತ ಖಾರ. ಆದರೂ ತನ್ನ ರೊಟ್ಟಿಯ ಬುತ್ತಿಯಲ್ಲಿ ನೀಲಾಗೆ ಅಂತ ಒಂದು ಶೇಂಗಾ ಹೋಳಿಗೆ ತಂದೇ ತರುವಳು.

ಆ ಸುಗ್ಗಿಯಲ್ಲಿ ನಮಗೆ ಕೆಲಸ ಕೊಟ್ಟ ಸಾಹುಕಾರರು ಹೊಸ ಕಟ್ಟಡ ಎಬ್ಬಿಸಿದ್ದರು. ಕೆಳಗೆ ಯಂತ್ರ, ತೂಕ, ಚೀಲ. ಮೇಲಿನ ಮಹಡಿಯಲ್ಲಿ ನಾವು. ಪರದೇಶಕ್ಕೆ ಮಾಲು ಒಯ್ಯುವವರು ಷರತ್ತು ಹಾಕಿದ್ದರಂತೆ, ಕೆಲಸದವರ ಜೀವಕ್ಕೆ ಭದ್ರತೆ ಇದ್ದರೆ ಮಾತ್ರ ಖರೀದಿ ಅಂತ. ಅದಕ್ಕಾಗಿ ಚಾವಣಿಗೆ ಹೊಗೆ ಹಿಡಿಯುವ ಯಂತ್ರಗಳು, ಗೋಡೆಗೆ ಗಂಟೆ, ಒತ್ತಿದರೆ ಕೂಗುವ ಕೆಂಪು ಡಬ್ಬಿ ಬಂದವು. ನಡೆಯಲಾರದವರೂ ಮಹಡಿಯಿಂದ ಇಳಿಯುವಂತೆ ಹಿಂಬದಿಗೆ ಒಂದು ಉದ್ದನೆಯ ಇಳಿಜಾರು ಕಟ್ಟಿಸಿದರು. ನಾವು ಕೂರುವ ಕೋಣೆಯ ಹಿಂಬಾಗಿಲಿನಿಂದ ಶುರುವಾಗಿ, ನಡುವೆ ಒಂದು ತಿರುವು ತಿರುಗಿ ಅಂಗಳಕ್ಕೆ ಇಳಿಯುತ್ತಿತ್ತು, ಎರಡೂ ಬದಿಗೆ ಎದೆಯೆತ್ತರದ ಗೋಡೆ. ಬಾಗಿಲಿನಿಂದ ಅಂಗಳದವರೆಗೆ ಎಲ್ಲೂ ತುಂಡಾಗದೆ ಸ್ಟೀಲಿನ ಕಂಬಿ.

ಗಂಟೆ ಕೂಡಿಸಲು ರಾಣೆಬೆನ್ನೂರಿನಿಂದ ದಾದಾಪೀರ ಎನ್ನುವವನು ಬಂದ. ಇನ್ನೂ ಮದುವೆಯಾಗದ ಹುಡುಗ, ಏಣಿಯ ಮೇಲೆ ನಿಂತೂ ಬಾಯಿ ಮುಚ್ಚುತ್ತಿರಲಿಲ್ಲ. ಚಾವಣಿಗೆ ಅವನು ಕೂಡಿಸುತ್ತಿದ್ದ ಬಿಳಿ ಡಬ್ಬಿಗಳನ್ನು ನೋಡಿ ರೇಣವ್ವ, “ಏನಪಾ, ಇಡ್ಲಿ ಯಾಕ ಮ್ಯಾಲೆ ಅಂಟಸಾಕತ್ತಿ? ಕೆಳಗ ಕೊಡು, ತಿಂತೀವಿ,” ಎಂದಳು.

“ತಿನ್ನು ಯವ್ವಾ, ಆಮ್ಯಾಲೆ ನೀ ಸೀನಿದಾಗೆಲ್ಲ ಗಂಟಿ ಹೊಡಿತೈತಿ,” ಎಂದ.

ಅವನು ಗಂಟೆ ಕೂಡಿಸಿ ಪರೀಕ್ಷೆ ಮಾಡಿದಾಗ ನಾವೆಲ್ಲ ಕಿವಿ ಮುಚ್ಚಿಕೊಂಡು ಕಿರುಚಿದೆವು. ನೀಲಾ ಒಬ್ಬಳೇ ತಲೆ ತಗ್ಗಿಸಿ ತುಂಬು ಮುರಿಯುತ್ತ ಕುಳಿತಿದ್ದಳು. ದಾದಾಪೀರ ಗಂಟೆ ನಿಲ್ಲಿಸಿ ಅವಳನ್ನೇ ನೋಡಿದ. ಆಮೇಲೆ ನನ್ನ ಹತ್ತಿರ ಬಂದು, “ಯವ್ವಾ, ಈಕಿಗೆ ಕೇಳಸೂದಿಲ್ಲೇನು?” ಎಂದ. ಇಲ್ಲ ಎಂದೆ. ಅವನು ಕೆಳಗೆ ಹೋಗಿ ಮುಕಾದಮ ಚನ್ನಪ್ಪನ ಜೊತೆ ಏರುದನಿಯಲ್ಲಿ ಮಾತಾಡುವುದು ನಮಗೆ ಕೇಳಿಸಿತು. ಚನ್ನಪ್ಪ ನಮ್ಮ ಮೇಲ್ವಿಚಾರಕ. ಕೆಟ್ಟವನಲ್ಲ, ಆದರೆ ಅವನಿಗೆ ಕೆಲಸ ನಿಲ್ಲಬಾರದು, ಅಷ್ಟೇ.

“ಒಬ್ಬಾಕಿ ಸಂಬಂಧ ಬ್ಯಾರೆ ದೀಪಾನ?” ಎಂದ ಚನ್ನಪ್ಪ.

“ಒಬ್ಬಾಕಿ ಅಂದ್ರೂ ಮನಷ್ಯಾಳಽ ಅಲ್ರಿ? ಕಿವಿ ಕೇಳದವರಿದ್ದಲ್ಲೆ ಗಂಟಿ ಜೋಡಿ ದೀಪಾನೂ ಇರಬೇಕಂತ ನಿಮ್ಮ ಖರೀದಿದಾರರಽ ಬರದಾರ. ಹಾಕಲಿಲ್ಲಂದ್ರ ನಾ ಸಹಿ ಮಾಡೂದಿಲ್ಲ ನೋಡ್ರಿ.”

ದೀಪ ಬಂತು. ನೀಲಾ ಕೂರುವ ಜಾಗದ ಎದುರು ಗೋಡೆಗೆ ಕೂಡಿಸಿದ. ಗಂಟೆ ಹೊಡೆದರೆ ಅದು ಮಿಂಚು ಹೊಡೆದಂತೆ ಹತ್ತಿ ಆರಿ ಮಾಡುತ್ತಿತ್ತು. ಮೊದಲ ಸಲ ಅದು ಮಿಂಚಿದಾಗ ನೀಲಾ ಬೆಚ್ಚಿ ಎದ್ದು ನಿಂತಳು. ಆಮೇಲೆ ಎಲ್ಲರ ಮುಖ ನೋಡಿ, ನಾವು ಕಿವಿ ಮುಚ್ಚಿಕೊಂಡದ್ದು ನೋಡಿ, ತನ್ನ ಕಣ್ಣು ಮುಚ್ಚಿಕೊಂಡು ನಕ್ಕಳು. ನಿಮಗೆ ಕಿವಿಯಲ್ಲಿ ಬಂದದ್ದು ನನಗೆ ಕಣ್ಣಲ್ಲಿ ಬಂತು ಎನ್ನುವ ಹಾಗೆ.

ದಾದಾಪೀರ ಅವಳಿಗೆ ಇನ್ನೊಂದು ಪಾಠ ಮಾಡಿದ. “ಮೆಣಸಿನಕಾಯಿ ಹೊಗಿ ಎದ್ದರ ಕಣ್ಣ ಬಿಡಾಕ ಆಗೂದಿಲ್ಲ ಯವ್ವಾ. ನಿಮಗ ಕೂಗಿ ಕರದ್ರ ದನಿ ಹಿಡಕೊಂಡು ಬರ್ತೀರಿ. ಈಕಿ ಏನ್ ಹಿಡಕೊಂಡು ಬರಬೇಕು?” ಎಂದು ನನಗೆ ಹೇಳಿ, ನೀಲಾಗೆ ಸನ್ನೆ ಮಾಡಿ ತೋರಿಸಿದ. ದೀಪ ಮಿಂಚಿತೋ, ಏಳು. ಸೆರಗು ಮೂಗಿಗೆ. ಕಣ್ಣು ಮುಚ್ಚು. ಎಡಗೈ ಕಂಬಿಗೆ. ಬಿಡಬೇಡ, ಇಳಿ. ಕಂಬಿ ಮುಗಿದಲ್ಲಿ ಅಂಗಳ. ಅವನೇ ಕಣ್ಣು ಮುಚ್ಚಿ ಸೊಂಟ ಬಳುಕಿಸುತ್ತ ಇಳಿದು ತೋರಿಸಿದ, ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನೀಲಾ ನಗಲಿಲ್ಲ. ಅವಳು ಕಣ್ಣು ಮುಚ್ಚಿ ಇಳಿದಳು, ಮತ್ತೆ ಹತ್ತಿ ಬಂದು ಮತ್ತೆ ಇಳಿದಳು. ಅಂಗಳದಲ್ಲಿ ನಿಂತು ಕಣ್ಣು ಬಿಟ್ಟು ನನ್ನ ಕಡೆ ನೋಡಿ ಎದೆ ತಟ್ಟಿಕೊಂಡಳು. ಇದು ನನ್ನದು ಅಂತ.

ಕಟ್ಟಡ ನೋಡಲು ಖರೀದಿದಾರರ ಕಡೆಯವರು ಬರುವ ದಿನ ಚನ್ನಪ್ಪ ಎಲ್ಲಿಂದಲೋ ಒಂದು ಗಾಲಿಕುರ್ಚಿ ತಂದ. ಇಳಿಜಾರು ಕಟ್ಟಿಸಿದ ಮೇಲೆ ಅದರ ಮೇಲೆ ಯಾರಾದರೂ ಹೋಗುವುದನ್ನು ತೋರಿಸಬೇಕಲ್ಲ. ನೋಡಿದರೆ ಕುರ್ಚಿಯಲ್ಲಿ ಕೂರುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಅವನು ಸಾಲು ಸಾಲು ನೋಡಿ ಕೊನೆಗೆ ನೀಲಾ ಕಡೆ ಬೆರಳು ಮಾಡಿದ.

“ಆಕಿ ಕಾಲ ಚೊಲೋ ಅದಾವಲ್ರಿ,” ಎಂದೆ ನಾನು.

“ಕಿವಿ ಇಲ್ಲಲ್ಲ? ಸಾಕು. ಕುಂದ್ರು ಅನ್ನು.”

ರೇಣವ್ವ ಬಟ್ಟೆಯೊಳಗೇ ಕಿಸಕ್ಕನೆ ನಕ್ಕಳು. “ಹಲ್ಲ ನೋವಾದ್ರ ಹೊಟ್ಟಿಗೆ ಪಟ್ಟಿ ಕಟ್ಟೂ ಜಾತಿ ಇದು.”

ನೀಲಾ ರಾಣಿಯ ಹಾಗೆ ಕುಳಿತಳು. ಬಂದವರು ಒಬ್ಬ ಗಂಡಸು, ಒಬ್ಬ ಹೆಂಗಸು. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಎಲ್ಲ ನೋಡಿದರು. ಹಮಾಲನೊಬ್ಬ ನೀಲಾನ ಕುರ್ಚಿ ತಳ್ಳಿಕೊಂಡು ಇಳಿಜಾರಿನಲ್ಲಿ ಇಳಿದ. ಕೆಳಗೆ ನಿಂತಿದ್ದ ಆ ಹೆಂಗಸು ಬಾಗಿ ನೀಲಾಗೆ ಕೈ ಮುಗಿದಳು. ದೊಡ್ಡವರು ಕೈ ಮುಗಿದಾಗ ಕುಳಿತುಕೊಂಡಿರುವುದು ಹೇಗೆ? ನೀಲಾ ಥಟ್ಟನೆ ಕುರ್ಚಿಯಿಂದ ಎದ್ದು ನಿಂತು ಬಾಗಿ ನಮಸ್ಕಾರ ಮಾಡಿಬಿಟ್ಟಳು. ಚನ್ನಪ್ಪನ ಮುಖ ನೋಡಬೇಕಿತ್ತು. ಬಂದವರೂ ನಕ್ಕುಬಿಟ್ಟರು. ಏನು ಬರೆದುಕೊಂಡರೋ, ಖರೀದಿ ಅಂತೂ ಆಯಿತು. ಆಮೇಲೆ ವಾರಗಟ್ಟಲೆ ರೇಣವ್ವ ಚನ್ನಪ್ಪನನ್ನು ಕಂಡರೆ ಕುಂಟುತ್ತ ಬಂದು, “ಮುಟ್ಟ್ರಿ ನನ್ನೂ, ಮೊಣಕಾಲ ನೋವು ಹೋಗಲಿ,” ಎನ್ನುತ್ತಿದ್ದಳು.

ಆ ಸುಗ್ಗಿಯಲ್ಲಿ ನಾವು ಮನಸ್ಸು ಬಿಚ್ಚಿ ನಕ್ಕದ್ದು ಅದೇ ಕಡೆ.

ನೋಡಲು ಬಂದವರು ಹೋದ ಮರುದಿನ ಮುಂಜಾನೆ ನಾವು ಕೆಲಸಕ್ಕೆ ಬಂದಾಗ ಇಳಿಜಾರಿನ ತುಂಬ ಮೆಣಸಿನಕಾಯಿ ಹರವಿದ್ದರು. ಇದನ್ನು ಬೇರೆ ಊರಿನವರು ಮಾಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಬ್ಯಾಡಗಿಯಲ್ಲಿ ಬಿಸಿಲು ಬೀಳುವ ನುಣುಪಾದ ಸಿಮೆಂಟು ಕಂಡರೆ ಅದು ಬೇರೆ ಏನಾದರೂ ಇರಬಹುದು ಎಂದು ಯಾರಿಗೂ ಅನ್ನಿಸುವುದಿಲ್ಲ. ಮಾಳಿಗೆ, ಅಂಗಳ, ರಸ್ತೆಯ ಬದಿ, ಕಾಲುವೆಯ ದಂಡೆ, ಎಲ್ಲವೂ ಕಾಯಿ ಹರವುವ ಜಾಗವೇ. ಅದರಲ್ಲೂ ಇಳಿಜಾರು ಬಲು ಚೊಲೋ ಜಾಗ. ಇಬ್ಬನಿ ನಿಲ್ಲುವುದಿಲ್ಲ, ಇಡೀ ದಿನ ಬಿಸಿಲು ಬೀಳುತ್ತದೆ. ಯಾರಿಗೂ ಕೇಡು ಬಗೆದು ಹರವಿದ್ದಲ್ಲ ಅದು. ನಾನೂ ಕುಪ್ಪೇಲೂರಿನಲ್ಲಿ ಗುಡಿಯ ಕಟ್ಟೆ ಖಾಲಿ ಕಂಡರೆ ಹರವುತ್ತಿದ್ದವಳೇ.

ನೀಲಾ ಮಾತ್ರ ಬುಟ್ಟಿ, ಕಸಬರಿಗೆ ತಂದು ಕಾಯಿಯನ್ನೆಲ್ಲ ಬಳಿದು ಅಂಗಳಕ್ಕೆ ಹಾಕಿದಳು. ಹಮಾಲರು ಬೈದರು. ಅವರ ಬೈಗುಳ ಅವಳಿಗೆ ಎಲ್ಲಿ ತಾಕಬೇಕು? ಮರುದಿನ ಮತ್ತೆ ಹರವಿದ್ದರು, ಅವಳು ಮತ್ತೆ ಬಳಿದಳು. ಶಿವರಾತ್ರಿ ದಾಟಿ ಬಿಸಿಲು ಬಲಿತ ಮೇಲೆ ಬೇರೆ ಸೀಮೆಯ ಕಾಯಿಯೂ ಬರತೊಡಗಿತು. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆ ಹೊರಗಿನ ಕಾಯಿ ಹಾಗಲ್ಲ, ಚೀಲದ ಬಾಯಿ ಬಿಚ್ಚಿದರೆ ಕಣ್ಣಲ್ಲಿ ನೀರು. ಗೋದಾಮು ತುಂಬಿ, ಹರವುವ ಕಾಯಿಯ ಜೊತೆಗೆ ಚೀಲಗಳೂ ಇಳಿಜಾರಿಗೆ ಬಂದವು. ನೀಲಾ ತನ್ನಿಂದಾದಷ್ಟು ಚೀಲ ಎಳೆದು ಬದಿಗೆ ಮಾಡುವಳು, ಕಂಬಿಯ ಪಕ್ಕಕ್ಕೆ ಒಬ್ಬರು ನಡೆಯುವಷ್ಟು ದಾರಿಯಾದರೂ ಬಿಡಿಸುವಳು. ಅದು ಆದ ಮೇಲೆಯೇ ಅವಳು ಕೆಲಸಕ್ಕೆ ಕೂರುತ್ತಿದ್ದುದು.

“ಏ ನೀಲಿ, ಇದೇನು ನಿಮ್ಮಪ್ಪ ಕಟ್ಟಿಸಿದ್ದ ದಾರಿಯೇನ?” ಎಂದು ಚನ್ನಪ್ಪ ಕೈ ಆಡಿಸಿ ಕೇಳಿದರೆ, ನೀಲಾ ಎದೆ ತಟ್ಟಿಕೊಳ್ಳುವಳು. ನನ್ನದು.

ನಾನು ಚನ್ನಪ್ಪನಿಗೆ ಹೇಳಲಿಲ್ಲ ಅಂತಲ್ಲ. ಹೇಳಿದೆ. ಸೆರಗು ಹಿಡಿದುಕೊಂಡು, ಅವನ ಕಾಲು ನೋಡುತ್ತ, “ಆ ದಾರಿ ಒಂದ ಬಿಡ್ರಿ,” ಎಂದೆ. “ಆತ ಬಿಡವಾ, ನಾಳೆ ತಗಸ್ತೇನಿ,” ಎಂದ. ಅವನ ನಾಳೆಯೂ ಸುಳ್ಳಲ್ಲ, ಒಮ್ಮೊಮ್ಮೆ ತೆಗೆಸಿದ್ದೂ ಉಂಟು. ತೆಗೆಸಿದ ಜಾಗಕ್ಕೆ ಇನ್ನೊಂದು ಲಾರಿ ಬರುತ್ತಿತ್ತು.

ಗಂಟೆಯದ್ದು ಇನ್ನೊಂದು ಕತೆ. ಕಾಯಿಯ ಧೂಳು ಎದ್ದಾಗೆಲ್ಲ ಅದು ಹೊಗೆಯೆಂದು ತಿಳಿದು ಕೂಗುತ್ತಿತ್ತು. ದಾದಾಪೀರ ಮೊದಲೇ ಹೇಳಿದ್ದ, ಈ ಧೂಳಿನ ಕೋಣೆಗೆ ಹೊಗೆ ಹಿಡಿಯುವುದಲ್ಲ, ಕಾವು ಹಿಡಿಯುವ ಬೇರೆ ನಮೂನೆಯದು ಬೇಕು ಅಂತ. ಸುಗ್ಗಿ ಮುಗಿಯಲಿ, ತರಿಸೋಣ ಎಂದಿದ್ದರು. ಗಂಟೆ ಕೂಗುವುದು, ನಾವು ಎದ್ದು ಓಡುವುದು, ಏನೂ ಇಲ್ಲವೆಂದು ತಿರುಗಿ ಬರುವುದು. ಬರಬರುತ್ತ ಏಳುವವರೇ ಇಲ್ಲವಾದರು. ಕೊನೆಗೆ ಚನ್ನಪ್ಪ ಏಣಿ ತರಿಸಿ ಚಾವಣಿಯ ಆ ಬಿಳಿ ಡಬ್ಬಿಗಳಿಗೆಲ್ಲ ಪ್ಲಾಸ್ಟಿಕ್ ಚೀಲ ಕಟ್ಟಿಸಿದ. “ಇಡ್ಲಿಗೆ ಮುಸುಕು ಹಾಕಿದ್ರಪಾ,” ಎಂದಳು ರೇಣವ್ವ. ಆ ಹೊತ್ತಿಗೆ ನಮಗೆಲ್ಲ ಅದು ನೆಮ್ಮದಿಯೇ ಆಗಿತ್ತು. ನೀಲಾ ಮಾತ್ರ ಆ ಮುಸುಕುಗಳನ್ನೂ ತನ್ನ ದೀಪವನ್ನೂ ತಿರುತಿರುಗಿ ನೋಡುತ್ತಿದ್ದಳು.

ಹೋಳಿ ಹುಣ್ಣಿಮೆ ಹತ್ತಿರವಿತ್ತು. ಆ ದಿನ ಮುಂಜಾನೆ ಎಂದಿನಂತೆ ನೀಲಾ ಇಳಿಜಾರು ತೆರವು ಮಾಡಿದಳು. ಅವತ್ತು ಚೀಲ ಕಡಿಮೆ ಇದ್ದವು, ಹಮಾಲರೂ ಎತ್ತಲು ಕೈ ಜೋಡಿಸಿದರು. ಇಡೀ ದಾರಿ ಖಾಲಿಯಾಯಿತು. ಕಂಬಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸಂಭ್ರಮದಿಂದ ಒಮ್ಮೆ ಕಣ್ಣು ಮುಚ್ಚಿ ಇಳಿದು ಹತ್ತಿ ಬಂದಳು. ನನಗೆ ಅವತ್ತು ಕೆಳಗೆ ತೂಕದ ಹತ್ತಿರ ಕೆಲಸ ಹಚ್ಚಿದ್ದರು. ಹೋಗುವಾಗ ಅವಳ ಮಡಿಲಿಗೆ ಒಂದು ಕಾಯಿ ಎಸೆದೆ. ತಲೆ ಎತ್ತಿದಳು. ಕೆಳಗೆ ಇರುತ್ತೇನೆ ಎಂದು ಸನ್ನೆ ಮಾಡಿದೆ. ಆ ಕಾಯಿ ನನ್ನ ಬೆನ್ನಿಗೆ ಬಂದು ಬಿತ್ತು.

ಊಟದ ಹೊತ್ತು ದಾಟಿ ಒಂದು ಲಾರಿ ಬಂತು. ಅಂಗಳ ತುಂಬಿತ್ತು. ಖಾಲಿ ಇದ್ದದ್ದು ಇಳಿಜಾರು ಒಂದೇ. ಹಮಾಲರು ಕೂಗಾಡುತ್ತ, ಹಾಡುತ್ತ ತಿರುವಿನಿಂದ ಕೆಳಗೆಲ್ಲ ಚೀಲ ಒಟ್ಟಿದರು. ಒಂದರ ಮೇಲೊಂದು, ಆಳೆತ್ತರ, ಕಂಬಿಯೂ ಒಳಗೆ ಹೋಯಿತು. ನಾನು ತಕ್ಕಡಿ ಬಿಟ್ಟು ಚನ್ನಪ್ಪನ ಹತ್ತಿರ ಹೋದೆ.

“ಅಣ್ಣಾ, ಆ ದಾರಿ...”

“ಲಾರಿ ಖಾಲಿ ಆಗಲಿ ತಡಿಯವಾ. ಸಂಜೀಕ ಎಲ್ಲಾ ಎತ್ತಸ್ತೇನಿ. ನಿನ್ನ ಮಗಳು ಬಂದು ಜಗಳಾ ತಗೀತಾಳ ಅಂತ ನನಗೂ ಅಂಜಿಕಿ ಐತಿ,” ಎಂದು ನಕ್ಕ. ನಾನು ತಕ್ಕಡಿಗೆ ತಿರುಗಿದೆ.

ಮೇಲೆ ಕುಳಿತ ಹೆಂಗಸರಿಗೆಲ್ಲ ಆ ಲಾರಿ ಬಂದದ್ದು ಕೇಳಿಸಿತ್ತು. ಚೀಲ ಧೊಪ್ಪೆಂದು ಬೀಳುವುದು, ಹಮಾಲರ ಹಾಡು, ಎಲ್ಲ ಕೇಳಿಸಿತ್ತು. ಇಳಿಜಾರು ಮುಚ್ಚಿತು ಎನ್ನುವುದು ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಾಗಿತ್ತು. ನೀಲಾಗೆ ಕೆಳಗಿನ ಯಂತ್ರದ ಅದುರಿಕೆಯಲ್ಲಿ ಲಾರಿಯ ಅದುರಿಕೆಯೂ ತಿಳಿದಿರಲಿಕ್ಕಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಒಬ್ಬಳಿಗೆ ಬೇರೆಯಾಗಿ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಊಟಕ್ಕೆ ಕರೆಯಲು ಎಸೆದರು, ನೀರಿಗೆ ಎಸೆದರು, ನಗೆಗೆ ಎಸೆದರು. ಆ ಒಂದು ಮಾತಿಗೆ ಒಂದು ಮೆಣಸಿನಕಾಯಿ ಅವಳ ಮಡಿಲಿಗೆ ಬೀಳಲಿಲ್ಲ. ರೇಣವ್ವ ಈಗಲೂ ನಮ್ಮ ಮನೆಗೆ ಬಂದರೆ ಇದನ್ನೇ ಹೇಳಿ ತಲೆ ಚಚ್ಚಿಕೊಳ್ಳುತ್ತಾಳೆ. ಬಿಡವ್ವಾ ಎನ್ನುತ್ತೇನೆ. ಬಿಡುವುದು ಅವಳಿಗೂ ಆಗಿಲ್ಲ, ನನಗೂ ಆಗಿಲ್ಲ.

ಬೆಂಕಿ ದೊಡ್ಡದಲ್ಲ. ಯಂತ್ರದ ಮೋಟಾರಿನಿಂದ ಕಿಡಿ ಹಾರಿ ಪಕ್ಕದಲ್ಲಿದ್ದ ತುಂಬಿನ ಕಸಕ್ಕೆ, ಒಡೆದ ಕಾಯಿಯ ಗುಡ್ಡೆಗೆ ಹತ್ತಿತು. ಒಂದು ಒಲೆಯ ಉರಿಯಷ್ಟು. ಆದರೆ ಸುಟ್ಟದ್ದು ಮೆಣಸಿನಕಾಯಿ. ಮನೆಯಲ್ಲಿ ಒಗ್ಗರಣೆಗೆ ಒಂದು ಕಾಯಿ ಸೀದರೆ ನೀವು ಮಕ್ಕಳು ಕೆಮ್ಮುತ್ತ ಬೀದಿಗೆ ಓಡುತ್ತೀರಿ. ಅದನ್ನು ಒಂದು ಗುಡ್ಡೆಗೆ ಲೆಕ್ಕ ಹಾಕಿಕೊಳ್ಳಿ. ಉಸಿರು ಎಳೆದರೆ ಎದೆಗೆ ಕೆಂಡ ಇಟ್ಟ ಹಾಗೆ. ಆ ಘಾಟು ಮೆಟ್ಟಿಲು ಹತ್ತಿ ಮೇಲೆ ಹೋಯಿತು. ಚಾವಣಿಯ ಡಬ್ಬಿಗಳಿಗೆ ಮುಸುಕು ಇದ್ದುದರಿಂದ ಗಂಟೆ ತಾನಾಗಿ ಕೂಗಲಿಲ್ಲ. ಯಾರೋ ಹಮಾಲ ಕೆಂಪು ಡಬ್ಬಿ ಒತ್ತಿದ ಮೇಲೆ ಕೂಗಿತು. ಅಷ್ಟರಲ್ಲಿ ಮೇಲೆ ಕೋಣೆಯ ತುಂಬ ಹೊಗೆ.

ಮೇಲಿನದನ್ನು ನಾನು ರೇಣವ್ವನ ಬಾಯಿಂದ ಕೇಳಿದ್ದು. ದೀಪ ಮಿಂಚಿತಂತೆ. ಎಲ್ಲರಿಗಿಂತ ಮೊದಲು ಎದ್ದವಳು ನೀಲಾ. ಎದ್ದವಳೇ ಸಾಲಿನಲ್ಲಿ ಎಲ್ಲರ ಭುಜ ಹಿಡಿದು ಎಬ್ಬಿಸಿದಳಂತೆ, ಸೆರಗು ಮೂಗಿಗೆ ಹಿಡಿದು ತೋರಿಸಿದಳಂತೆ. ಆಮೇಲೆ ಯಾರೂ ಕಣ್ಣು ಬಿಡುವ ಹಾಗಿರಲಿಲ್ಲ. “ಮೆಟ್ಟಲ ಕಡೆ ಬರ್ರಿ! ಹಿಂದ ಬ್ಯಾಡ, ಚೀಲ ಒಟ್ಟ್ಯಾರ!” ಎಂದು ರೇಣವ್ವನೇ ಕೂಗಿದಳು. ಆ ದನಿ ಹಿಡಿದುಕೊಂಡು ಒಬ್ಬರ ಸೀರೆ ಒಬ್ಬರು ಹಿಡಿದು ಎಲ್ಲರೂ ಮುಂದಿನ ಮೆಟ್ಟಿಲು ಇಳಿದರು. ಘಾಟು ಅಲ್ಲೇ ಹೆಚ್ಚಿತ್ತು, ಆದರೂ ಇಳಿದರು. ಕೆಮ್ಮಿ, ವಾಂತಿ ಮಾಡಿಕೊಂಡು ಅಂಗಳದಲ್ಲಿ ಬಿದ್ದರು. ನಾನು ಮುಂಬಾಗಿಲ ಹತ್ತಿರ ನಿಂತು ಬಂದವರ ಮುಖದ ಬಟ್ಟೆ ಎಳೆದು ಎಳೆದು ನೋಡುತ್ತಿದ್ದೆ. ಕೆಂಪು ಮುಖಗಳು, ಎಲ್ಲ ಒಂದೇ ಥರ. ನೀಲಾ ಇರಲಿಲ್ಲ.

“ನಿನ್ನ ಮಗಳು ನನಗಿಂತ ಮೊದಲ ಎದ್ದಾಳ, ಬಂದಾಳ ನೋಡು ಎಲ್ಲೆರ,” ಎಂದಳು ರೇಣವ್ವ. ಮಾತು ಮುಗಿಯುವ ಮೊದಲೇ ಅವಳು ತಿರುಗಿದಳು. ನಾವಿಬ್ಬರೂ ಒಟ್ಟಿಗೇ ಹಿಂಬದಿಗೆ ಓಡಿದೆವು.

ಚೀಲದ ಗೋಡೆ. ನಾನು ಅದನ್ನು ಬಡಿದೆ, ಕೂಗಿದೆ. ಇಡೀ ಜನ್ಮದಲ್ಲಿ ಅಷ್ಟು ದೊಡ್ಡ ದನಿಯಲ್ಲಿ ನಾನು ಕೂಗಿದ್ದಿಲ್ಲ. ಯಾರನ್ನು ಕೂಗುತ್ತಿದ್ದೆ? ಕಿವಿ ಕೇಳದವಳನ್ನು. ಹಮಾಲರು, ಚನ್ನಪ್ಪ, ಎಲ್ಲರೂ ಬಂದು ಚೀಲ ಎಳೆದರು. ಚನ್ನಪ್ಪ ಅಳುತ್ತ ಎಳೆಯುತ್ತಿದ್ದ. ಮೇಲಿನ ಸಾಲು, ಅದರ ಕೆಳಗಿನ ಸಾಲು. ತಿರುವಿನಲ್ಲಿ, ಚೀಲಗಳ ಆ ಕಡೆ, ಹಿಂಬಾಗಿಲಿನಿಂದ ಇಳಿದ ಹೊಗೆ ಮುಂದೆ ಹೋಗಲು ದಾರಿಯಿಲ್ಲದೆ ಮಡುಗಟ್ಟಿದ್ದಲ್ಲಿ, ಅವಳು ಕುಳಿತಿದ್ದಳು. ಸೆರಗು ಮೂಗಿಗೆ ಸರಿಯಾಗಿ ಕಟ್ಟಿಕೊಂಡಿದ್ದಳು. ಕಣ್ಣು ಮುಚ್ಚಿತ್ತು. ಎಡಗೈ ಕಂಬಿಯ ಮೇಲೇ ಇತ್ತು. ಕಲಿಸಿದ್ದರಲ್ಲಿ ಒಂದನ್ನೂ ಅವಳು ತಪ್ಪಿರಲಿಲ್ಲ.

ಆಮೇಲೆ ಪೊಲೀಸರು ಬಂದರು, ಕಟ್ಟಡಕ್ಕೆ ಬೀಗ ಬಿತ್ತು, ಸುಗ್ಗಿ ಬೇರೆ ಅಂಗಳಗಳಲ್ಲಿ ನಡೆಯಿತು. ನೀಲಾನನ್ನು ಕುಪ್ಪೇಲೂರಿಗೆ ಒಯ್ದು ನಿಮ್ಮ ಅಜ್ಜನ ಪಕ್ಕದಲ್ಲಿ ಮಣ್ಣು ಮಾಡಿದೆವು.

ನೀಲಾನ ದಿನಕರ್ಮ ಮುಗಿದ ಮೇಲೆ ದಾದಾಪೀರ ನಮ್ಮ ಕೋಣೆಗೆ ಬಂದ. ಒಳಗೆ ಕರೆದರೂ ಹೊಸ್ತಿಲ ಹೊರಗೇ ಕುಳಿತ. ಚಹಾ ಕೊಟ್ಟೆ, ಕುಡಿಯಲಿಲ್ಲ.

“ನಾನಽ ಹೇಳಿದ್ನಲ್ಲ ಯವ್ವಾ, ಬಿಡಬ್ಯಾಡ ಅಂತ. ಕಂಬಿ ಬಿಟ್ಟು ಮಂದಿ ಹಿಂದ ಓಡಿದ್ರ ಉಳೀತಿದ್ಲಲ್ಲ.”

“ನೀ ಹೇಳಿದ್ದು ಬರೋಬ್ಬರಿ ಇತ್ತಪಾ,” ಎಂದೆ. “ದಾರಿ ಐತಿ ಅಂತ ಹೇಳಿದಿ. ದಾರಿ ಇತ್ತು.”

ಅವನು ಮುಖ ಮುಚ್ಚಿಕೊಂಡು ಅತ್ತ. ಆಮೇಲೆ, ಪೊಲೀಸರು ಗಂಟೆಯ ತಂತಿ ನೋಡಲು ತನ್ನನ್ನು ಕರೆಸಿದ್ದಾರೆ, ಬರುತ್ತೀಯಾ ಎಂದು ಕೇಳಿದ. ನಿಮ್ಮಪ್ಪ ಬೇಡವೆಂದ. ನಾನು ಹೋದೆ.

ಕಟ್ಟಡದ ಒಳಗೆ ಇನ್ನೂ ಘಾಟು ಇತ್ತು. ಗೋಡೆ, ಕಿಟಕಿ, ಎಲ್ಲದರ ಮೇಲೂ ಕರಿ ಕೂತಿತ್ತು. ಅವಳ ದೀಪದ ಗಾಜು ಕಪ್ಪಾಗಿತ್ತು. ಹಿಂಬಾಗಿಲಿನಿಂದ ಇಳಿಜಾರಿಗೆ ಕಾಲಿಟ್ಟಾಗ ಕಂಬಿ ಕಂಡಿತು. ಕಂಬಿಯ ಮೇಲೂ ಕರಿ ಕೂತಿತ್ತು. ಅದರ ನಡುವೆ ಬಾಗಿಲಿನಿಂದ ಶುರುವಾಗಿ ಒಂದು ಗೀಟು, ಅಂಗೈಯಷ್ಟು ಅಗಲ, ಮಸುಕಾಗಿ ಹೊಳೆಯುತ್ತಿತ್ತು. ಅವಳ ಕೈ ಒರೆಸಿಕೊಂಡು ಹೋದ ಗುರುತು. ಎಲ್ಲೂ ತುಂಡಾಗಿರಲಿಲ್ಲ. ಒಂದು ಕಡೆಯೂ ಅವಳು ಕೈ ಎತ್ತಿರಲಿಲ್ಲ. ತಿರುವಿನವರೆಗೆ ನೇರ ಬಂದು ಅಲ್ಲಿ ಅದೇ ಜಾಗದಲ್ಲಿ ಹಿಂದೆ ಮುಂದೆ, ಹಿಂದೆ ಮುಂದೆ ಉಜ್ಜಿ ಉಜ್ಜಿ ಕನ್ನಡಿಯ ಹಾಗಾಗಿತ್ತು. ಕಂಬಿ ಇಲ್ಲೇ ಮುಂದೆ ಇರಬೇಕಲ್ಲ ಎಂದು ಹುಡುಕಿದ್ದಳು. ಅದರಾಚೆಗೆ ಕಂಬಿ ಇತ್ತು, ಅಂಗಳದವರೆಗೂ ಇತ್ತು. ಅದರ ಮೇಲೆ ಬರೀ ಚೀಲದ ನೂಲು ಅಂಟಿತ್ತು.

ಆ ಕಟ್ಟಡ ಈಗಲೂ ಇದೆ. ಸುಣ್ಣ ಬಣ್ಣ ಆಗಿ ಬೇರೆಯವರ ಕೈಗೆ ಹೋಗಿದೆ. ಬ್ಯಾಡಗಿಗೆ ಹೋದರೆ ನಾನು ಆ ಓಣಿ ತಪ್ಪಿಸಿ ಸುತ್ತು ಹಾಕಿ ಹೋಗುತ್ತೇನೆ. ಚನ್ನಪ್ಪ ಕೆಲಸ ಬಿಟ್ಟು ಊರು ಸೇರಿದ ಎಂದು ಕೇಳಿದೆ. ದಾದಾಪೀರ ಈಗಲೂ ರಾಣೆಬೆನ್ನೂರಿನಲ್ಲಿ ಸಿಕ್ಕರೆ ಗಾಡಿ ನಿಲ್ಲಿಸಿ ಮಾತಾಡಿಸುತ್ತಾನೆ, ತಲೆ ನರೆಯತೊಡಗಿದೆ. ಎಲ್ಲಿ ಗಂಟೆ ಕೂಡಿಸಲು ಹೋದರೂ ಮೊದಲು ಹೊರಗೆ ಬರುವ ದಾರಿ ನಡೆದು ನೋಡಿ ಆಮೇಲೆ ಗಾಡಿಯಿಂದ ಏಣಿ ಇಳಿಸುತ್ತೇನೆ ಎನ್ನುತ್ತಾನೆ.

ಸಹನಾ, ಅವತ್ತು ನಿನ್ನ ಹಾಸ್ಟೆಲಿನ ಗೇಟಿನಲ್ಲಿ ನನಗೆ ಕಂಡದ್ದು ಅಡುಗೆಯಾಕೆಯ ಕಾಯಿ ಅಲ್ಲ. ಅವಳ ಮೇಲೆ ನನಗೆ ಸಿಟ್ಟೂ ಇಲ್ಲ. ಬಿಸಿಲು ಕಂಡಳು, ಹರವಿದಳು. ನಾಳೆಯೂ ಹರವುತ್ತಾಳೆ. ಆ ಇಳಿಜಾರಿನ ಮೇಲೆ ಯಾರೋ ಬೈಕು ನಿಲ್ಲಿಸುತ್ತಾರೆ, ನೀರಿನ ಕ್ಯಾನು ಇಡುತ್ತಾರೆ. ನಿಮ್ಮ ಮೂರನೇ ಮಹಡಿಯಲ್ಲಿ ಊರುಗೋಲು ಹಿಡಿದು ನಡೆಯುವ ಹುಡುಗಿಯೊಬ್ಬಳನ್ನು ನಾನು ನೋಡಿದೆ. ಅವಳಿಗೆ ಯಾರು ಹೇಳುತ್ತಾರೆ?

ನೀನು ಒಂದು ಕೆಲಸ ಮಾಡು. ಕಾಲೇಜಿಗೆ ಹೊರಡುವ ಮುಂಚೆ ದಿನವೂ ಬಾಗಿಲಿನ ಪಕ್ಕದ ಆ ಕಂಬಿ ಹಿಡಿದು, ಕಣ್ಣು ಮುಚ್ಚಿ, ಅಂಗಳದವರೆಗೆ ಇಳಿ. ಕೈಗೆ, ಕಾಲಿಗೆ ಏನಾದರೂ ತಗುಲಿದರೆ ಎತ್ತಿ ಬದಿಗಿಡು. ಗೆಳತಿಯರು ನಗುತ್ತಾರೆ, ಅಡುಗೆಯಾಕೆ ಬೈಯುತ್ತಾಳೆ, ನಿನಗೆ ನಾಚಿಕೆಯಾಗುತ್ತದೆ. ನನ್ನ ಮೊಮ್ಮಗಳಲ್ಲವೇ, ಆಗದೇ ಇರುತ್ತದೆಯೇ? ಆಗ ನನ್ನ ಮೇಲೆ ಹಾಕು. ನಮ್ಮ ಅಜ್ಜಿಗೆ ತಲಿ ಸರಿ ಇಲ್ಲ, ಆಕಿ ಹೇಳ್ಯಾಳ, ಅದಕ್ಕ ಮಾಡಾಕತ್ತೇನಿ ಅನ್ನು. ಹೇಳುತ್ತಲೇ ಎತ್ತು. ಎತ್ತುವುದನ್ನು ಮಾತ್ರ ಬಿಡಬೇಡ.